ಕಮ್‌ಹೂಬರನ ಇರುಳುಕೋಟೆ

ದ್ವಿತೀಯ ಮಹಾಯುದ್ಧದ ಜರ್ಮನ್ ಸೇನಾನಿಗಳೆಂದೊಡನೆ ನಮ್ಮವರ ನಾಲಗೆಗೆ ಬರುವುದು ರೊಮ್ಮೆಲನ ಹೆಸರು. ಮರುಭೂಮಿಯ ರಣಧೂಳಿನಲ್ಲಿ ದೊರೆಯುವ ಕೀರ್ತಿಯು ಕತ್ತಲೆಯಲ್ಲಿ ಕಾದವರಿಗೆ ದೊರೆಯದು. ಜರ್ಮನಿಯ ರಾತ್ರಿ ವಿಮಾನದಳವನ್ನು ಕಟ್ಟಿದ ಜೋಸೆಫ್ ಕಮ್‌ಹೂಬರನ ಜೀವನವನ್ನು ನಾವು ಇಂದು ವಾಚಕರ ಮುಂದಿಡುತ್ತೇವೆ.

ಈತನು 1896ರಲ್ಲಿ ಬವೇರಿಯಾದ ಟ್ಯೂಸ್ಲಿಂಗ್ ಎಂಬಲ್ಲಿ ಜನಿಸಿ, ಪ್ರಥಮ ಮಹಾಯುದ್ಧದಲ್ಲಿ ಹೋರಾಡಿದನು. 1940ರ ವಸಂತದಲ್ಲಿ ಬಾಂಬು ವಿಮಾನಗಳ 51ನೆಯ ದಳಕ್ಕೆ ನಾಯಕನಾದನು. ಮೇ 10ರಂದು ಆ ದಳದ ಕೆಲವು ವಿಮಾನಗಳು ದಾರಿತಪ್ಪಿ, ಫ್ರಾನ್ಸಿನ ಮೇಲೆ ಹಾಕಬೇಕಾದ ಬಾಂಬುಗಳನ್ನು ತಮ್ಮದೇ ದೇಶದ ಫ್ರೈಬುರ್ಗ್ ಪಟ್ಟಣದ ಮೇಲೆ ಸುರಿದುವು. 57 ಮಂದಿ ಮಡಿದರು. ಅವರಲ್ಲಿ ಮಕ್ಕಳೂ ಇದ್ದರು. ನಾಜಿ ಸರಕಾರವು ಲಜ್ಜೆಯಿಲ್ಲದೆ ಆ ಪಾಪವನ್ನು ಶತ್ರುಗಳ ತಲೆಗೆ ಕಟ್ಟಿತು. ಜೂನಿನಲ್ಲಿ ಕಮ್‌ಹೂಬರನೇ ಫ್ರಾನ್ಸಿನಲ್ಲಿ ಹೊಡೆದುರುಳಿಸಲ್ಪಟ್ಟು ಸೆರೆಸಿಕ್ಕಿದನು. ಆ ದೇಶವು ಶರಣಾದ ಬಳಿಕ ಬಿಡುಗಡೆ ಹೊಂದಿದನು.

ಅಷ್ಟರಲ್ಲಿ ಇಂಗ್ಲಿಷರ ಬಾಂಬು ವಿಮಾನಗಳು ರಾತ್ರಿಯ ವೇಳೆ ರೂರ್ ಪ್ರಾಂತಕ್ಕೆ ಬರತೊಡಗಿದ್ದುವು. ತಡೆಯಲು ತಕ್ಕ ಸಾಧನವಿರಲಿಲ್ಲ. ವೋಲ್ಫ್‌ಗಾಂಗ್ ಫಾಲ್ಕನ ನೇತೃತ್ವದಲ್ಲಿ ಜೂನಿನಲ್ಲಿ ಮೊದಲನೆಯ ರಾತ್ರಿ ವಿಮಾನದಳವು ಹುಟ್ಟಿತು. ಜುಲೈಯಲ್ಲಿ ಗೋರಿಂಗನು ಇಡೀ ಕಾರ್ಯವನ್ನು ಕಮ್‌ಹೂಬರನಿಗೆ ಒಪ್ಪಿಸಿದನು.

ಆತನು ಕಟ್ಟಿದ ಕೋಟೆಗೆ ಕಲ್ಲುಗಾರೆಗಳಿರಲಿಲ್ಲ. ಡೆನ್ಮಾರ್ಕಿನಿಂದ ಫ್ರಾನ್ಸಿನವರೆಗೆ ಆಕಾಶವನ್ನೇ ಚೌಕಗಳಾಗಿ ವಿಂಗಡಿಸಿದನು. ಪ್ರತಿಯೊಂದು ಚೌಕದಲ್ಲಿಯೂ ದೂರದಿಂದಲೇ ಶತ್ರುವಿನ ಸುಳಿವು ಹಿಡಿಯುವ ಫ್ರೇಯಾ ಎಂಬ ರಾಡಾರ್ ಯಂತ್ರವೊಂದು. ವ್ಯೂರ್ಟ್ಸ್‌ಬುರ್ಗ್ ಎಂಬ ಯಂತ್ರಗಳೆರಡು. ಇವುಗಳಲ್ಲೊಂದು ಶತ್ರುವಿಮಾನವನ್ನೂ ಮತ್ತೊಂದು ಸ್ವಪಕ್ಷದ ವಿಮಾನವನ್ನೂ ಹಿಂಬಾಲಿಸುತ್ತಿದ್ದುವು. ನೆಲದ ಮೇಲಿನ ಅಧಿಕಾರಿಯು ರೇಡಿಯೋ ಮೂಲಕ ಚಾಲಕನನ್ನು ಕುರುಡನ ಕೈಹಿಡಿದಂತೆ ನಡೆಯಿಸಿ ಶತ್ರುವಿನ ಬೆನ್ನಿಗೆ ತಂದು ನಿಲ್ಲಿಸುತ್ತಿದ್ದನು. ಇಂಗ್ಲಿಷರು ಇದನ್ನು ಕಮ್‌ಹೂಬರ್ ರೇಖೆಯೆಂದು ಕರೆದರು. ಆತನ ಇನ್ನೊಂದು ಉಪಾಯವೂ ಫಲಕಾರಿಯಾಗಿದ್ದಿತು: ಇಂಗ್ಲೆಂಡಿನ ವಿಮಾನನಿಲ್ದಾಣಗಳಿಗೇ ಹೋಗಿ, ಇಳಿಯುವ ಬಾಂಬು ವಿಮಾನಗಳನ್ನು ಹೊಡೆಯುವುದು. 1941ರ ಅಕ್ಟೋಬರಿನಲ್ಲಿ ಹಿಟ್ಲರನು ಇದನ್ನು ನಿಲ್ಲಿಸಿದನು. ಶತ್ರುವಿಮಾನವು ಜರ್ಮನಿಯ ಪ್ರಜೆಗಳ ಕಣ್ಣೆದುರಿಗೇ ಉರುಳಬೇಕೆಂಬುದು ಆತನ ಹಟ. ಜಯಕ್ಕಿಂತ ಜಯದ ಪ್ರದರ್ಶನವು ದೊಡ್ಡದಾಯಿತು!

ಆದರೆ ಕೋಟೆಯಲ್ಲಿಯೇ ಒಂದು ದೋಷವಿದ್ದಿತು. ಒಂದು ಚೌಕದಲ್ಲಿ ಒಂದು ವೇಳೆಗೆ ಒಂದೇ ವಿಮಾನವನ್ನು ನಡೆಯಿಸಲು ಸಾಧ್ಯ. ಇದನ್ನರಿತ ಇಂಗ್ಲಿಷರು ಚದರಿ ಬರುವುದನ್ನು ಬಿಟ್ಟು, 1942ರ ಮೇ 30ರ ರಾತ್ರಿ ಸಾವಿರಕ್ಕೂ ಮಿಕ್ಕ ವಿಮಾನಗಳನ್ನು ಒಂದೇ ಪ್ರವಾಹವಾಗಿ ಕೊಲೋನ್ ನಗರದ ಮೇಲೆ ಹರಿಯಿಸಿದರು. ಕಮ್‌ಹೂಬರನು ಪದ್ಧತಿಯನ್ನು ಬದಲಿಸದೆ ಚೌಕಗಳನ್ನೇ ಹೆಚ್ಚಿಸುತ್ತ ಹೋದನು. ತಾನು ಕಟ್ಟಿದ್ದರಲ್ಲಿ ಆತನಿಗಿದ್ದ ಮಮತೆಯೇ ಇದಕ್ಕೆ ಕಾರಣವೆಂದು ನಮಗೆ ತೋರುತ್ತದೆ. 1943ರಲ್ಲಿ ಅಮೆರಿಕದ ವಿಮಾನೋತ್ಪಾದನೆಯ ಅಂಕಿಗಳನ್ನು ಮುಂದಿಟ್ಟು ಆತನು ದಳವನ್ನು ಬಹಳವಾಗಿ ಹೆಚ್ಚಿಸಬೇಕೆಂದು ಕೇಳಿದಾಗ, ಹಿಟ್ಲರನು ಆ ಅಂಕಿಗಳನ್ನೇ ನಂಬದೆ ತಳ್ಳಿಹಾಕಿದನು.

ಅದೇ ಜುಲೈ 24ರ ರಾತ್ರಿ ಹ್ಯಾಂಬರ್ಗ್ ನಗರದತ್ತ ಬಂದ ಇಂಗ್ಲಿಷ್ ವಿಮಾನಗಳು ಲೋಹಲೇಪಿತ ಕಾಗದದ ಪಟ್ಟಿಗಳನ್ನು ಕಟ್ಟುಕಟ್ಟಾಗಿ ಉದುರಿಸಿದುವು. ರಾಡಾರ್ ಪರದೆಗಳೆಲ್ಲ ಸುಳ್ಳು ಗುರುತುಗಳಿಂದ ತುಂಬಿದುವು, ಅಧಿಕಾರಿಗಳು ದಿಕ್ಕುಗಾಣದಾದರು. ಸುಮಾರು 790 ವಿಮಾನಗಳಲ್ಲಿ ಬಿದ್ದುವು 12 ಮಾತ್ರ. ಈ ಉಪಾಯವು ಜರ್ಮನರಿಗೂ ತಿಳಿದಿದ್ದಿತು. ಶತ್ರುವಿಗೆ ಗೊತ್ತಾದೀತೆಂಬ ಭಯದಿಂದ ಗೋರಿಂಗನು ಅದರ ಪ್ರಯೋಗವನ್ನೇ ತಡೆದಿದ್ದನು. ಆ ವಾರದ ದಾಳಿಗಳಲ್ಲಿ ಹ್ಯಾಂಬರ್ಗಿನ 30,000ಕ್ಕೂ ಮಿಕ್ಕ ಜನರು ಬೆಂಕಿಗೆ ಆಹುತಿಯಾದರು. ಚೌಕದ ಹಂಗಿಲ್ಲದೆ ಹಾರುವ ಹೊಸ ಪದ್ಧತಿಗಳು ಬಂದುವು. ನವೆಂಬರಿನಲ್ಲಿ ಕಮ್‌ಹೂಬರನು ಪದಚ್ಯುತನಾಗಿ ನಾರ್ವೆಗೆ ಕಳುಹಿಸಲ್ಪಟ್ಟನು.

ಯುದ್ಧಾನಂತರ ಅಮೆರಿಕನರ ಸೆರೆಯಲ್ಲಿದ್ದು 1948ರಲ್ಲಿ ಹೊರಬಂದನು, ಕೆಲಕಾಲ ಅರ್ಜೆಂಟೈನಾದಲ್ಲಿದ್ದನು. 1956ರಲ್ಲಿ ಪಶ್ಚಿಮ ಜರ್ಮನಿಯು ಅದೇ ಮನುಷ್ಯನನ್ನು ಕರೆದು ಹೊಸ ವಾಯುಸೇನೆಯನ್ನು ಕಟ್ಟಿಸಿತು! ಆತನ ಕಾಲದಲ್ಲಿ ಆರಿಸಿದ ಸ್ಟಾರ್‌ಫೈಟರ್ ವಿಮಾನಗಳಲ್ಲಿ ಮುಂದೆ 200ಕ್ಕೂ ಹೆಚ್ಚು ಅಪಘಾತಕ್ಕೀಡಾಗಿ, ನೂರಕ್ಕೂ ಮಿಕ್ಕ ಚಾಲಕರು ಮಡಿದರು. ಆತನು 1962ರಲ್ಲಿ ನಿವೃತ್ತನಾಗಿ, 1986ರ ಜನವರಿಯಲ್ಲಿ ಮ್ಯೂನಿಕ್ ನಗರದಲ್ಲಿ, ತನ್ನ 89ನೆಯ ವಯಸ್ಸಿನಲ್ಲಿ ತೀರಿಕೊಂಡನು.