ತಾವು ಕಾಣದ ಬೆಳಕು: ದಿವಾನ್ ಕೆ. ಶೇಷಾದ್ರಿ ಅಯ್ಯರ್

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಎರಡು ಪ್ರಶ್ನೆಗಳನ್ನು ಮತ್ತೆ ಮತ್ತೆ ಕೇಳುತ್ತೇವೆ. ತ್ರೀ ಫೇಸ್ ಕರೆಂಟ್ ಯಾವಾಗ ಬರುತ್ತದೆ ಎಂಬುದು ಒಂದು. ದುಡಿಯಲು ಗೋವಾ, ಪುಣೆ, ಮುಂಬೈಗೆ ಹೋದವರು ಯಾವಾಗ ಬರುತ್ತಾರೆ ಎಂಬುದು ಇನ್ನೊಂದು. ವಿದ್ಯುತ್ತಿನ ಮಾತಿಗೂ ವಲಸೆಯ ಮಾತಿಗೂ ಏನು ಸಂಬಂಧ ಎಂದು ನಿಮಗೆ ಅನಿಸಬಹುದು. ನೂರಿಪ್ಪತ್ತು ವರ್ಷಗಳ ಹಿಂದೆ ನಮ್ಮ ನಾಡಿನಲ್ಲಿ ಮೊದಲ ದೊಡ್ಡ ಜಲವಿದ್ಯುತ್ ಯೋಜನೆಗೆ ಕಾರಣರಾದ ಒಬ್ಬರ ಬದುಕಿನಲ್ಲಿ ಇವೆರಡೂ ಕೂಡಿಕೊಂಡಿವೆ. ಅವರೇ ಮೈಸೂರಿನ ದಿವಾನರಾಗಿದ್ದ ಸರ್ ಕೆ. ಶೇಷಾದ್ರಿ ಅಯ್ಯರ್.

ಶೇಷಾದ್ರಿ ಅಯ್ಯರ್ ಮೈಸೂರಿನವರಲ್ಲ. ಇಂದಿನ ಕೇರಳದ ಪಾಲಕ್ಕಾಡ್ ಬಳಿಯ ಕುಮಾರಪುರಂನಲ್ಲಿ 1845ರ ಜೂನ್ 1ರಂದು ಹುಟ್ಟಿದರು. ತಂದೆ ಕಲ್ಲಿಕೋಟೆಯಲ್ಲಿ ವಕೀಲರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ 1866ರಲ್ಲಿ ಬಿ.ಎ. ಪದವಿ ಪಡೆದರು. ಕಲ್ಲಿಕೋಟೆಯ ಕಚೇರಿಯೊಂದರಲ್ಲಿ ಭಾಷಾಂತರದ ಸಣ್ಣ ಹುದ್ದೆಯಲ್ಲಿದ್ದಾಗ ಹಿರಿಯ ಅಧಿಕಾರಿ ರಂಗಾಚಾರ್ಲು ಅವರ ಕಣ್ಣಿಗೆ ಬಿದ್ದರು. ರಂಗಾಚಾರ್ಲು ಮೈಸೂರಿಗೆ ಬಂದಾಗ ಈ ಯುವಕನನ್ನೂ ಕರೆಸಿಕೊಂಡರು. 1868ರಲ್ಲಿ, ಇಪ್ಪತ್ಮೂರರ ವಯಸ್ಸಿನಲ್ಲಿ, ಅವರು ಹೊಸ ಊರಿಗೆ, ಹೊಸ ಭಾಷೆಯ ನಡುವೆ ಬಂದರು. ನೌಕರಿ ಮಾಡುತ್ತಲೇ ಕಾನೂನು ಓದಿ 1874ರಲ್ಲಿ ಬಿ.ಎಲ್. ಪದವಿಯನ್ನೂ ಮುಗಿಸಿದರು. ಕೆಲಸ ಸಿಕ್ಕ ಮೇಲೆ ಪುಸ್ತಕ ಮುಚ್ಚಿಡುವವರು ಈ ಮಾತನ್ನು ಗಮನಿಸಬೇಕು.

1876ರಿಂದ 1878ರವರೆಗೆ ಮೈಸೂರು ಸೀಮೆಯನ್ನು ಭೀಕರ ಬರ ಕಾಡಿತು. ಸುಮಾರು ಹತ್ತು ಲಕ್ಷ ಜನ ಸತ್ತರು. ಆಗ ಬೇರೆ ಆಡಳಿತದಲ್ಲಿದ್ದ ನಮ್ಮ ಬಿಜಾಪುರ ಜಿಲ್ಲೆಯೂ ಅದೇ ಬರದಲ್ಲಿ ಬೆಂದಿತು. ಆ ದಿನಗಳಲ್ಲಿ ಅಧಿಕಾರಿಯಾಗಿದ್ದವರಿಗೆ ನೀರಿನ ಬೆಲೆ ಏನೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. 1881ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನು ಚಾಮರಾಜೇಂದ್ರ ಒಡೆಯರ್ ಅವರಿಗೆ ಮರಳಿಸಿದರು. ರಂಗಾಚಾರ್ಲು ದಿವಾನರಾದರು. ಅವರು 1883ರ ಆರಂಭದಲ್ಲಿ ತೀರಿಕೊಂಡಾಗ ಆ ಜಾಗಕ್ಕೆ ಶೇಷಾದ್ರಿ ಅಯ್ಯರ್ ಬಂದರು. ಆಗ ಅವರಿಗೆ ನಲವತ್ತು ಕೂಡ ತುಂಬಿರಲಿಲ್ಲ. ಮುಂದಿನ 18 ವರ್ಷ ಅವರೇ ದಿವಾನರು.

ಬೆಂಗಳೂರಿಗೆ ಹೆಸರಘಟ್ಟದಿಂದ ನಲ್ಲಿ ನೀರು ಬಂದದ್ದು ಅವರ ಕಾಲದಲ್ಲಿ. 1898ರಲ್ಲಿ ಪ್ಲೇಗ್ ಬಂದು ಜನ ಊರು ಬಿಟ್ಟು ಓಡುವಾಗ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ರೂಪುಗೊಂಡದ್ದೂ ಆಗಲೇ. ಚಿತ್ರದುರ್ಗ ಸೀಮೆಯ ಬರಕ್ಕೆ ಉತ್ತರವಾಗಿ ವೇದಾವತಿ ನದಿಗೆ ಮಾರಿಕಣಿವೆ ಅಣೆಕಟ್ಟಿನ ಕೆಲಸ ಶುರುವಾದದ್ದೂ ಅವರ ಆಡಳಿತದಲ್ಲೇ. ಆದರೆ ಎಲ್ಲಕ್ಕಿಂತ ದೊಡ್ಡ ಸಾಹಸ ಬೇರೆಯೇ ಇತ್ತು.

ಕೋಲಾರದ ಚಿನ್ನದ ಗಣಿಗಳನ್ನು ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಇಂಗ್ಲಿಷ್ ಸಂಸ್ಥೆ ನಡೆಸುತ್ತಿತ್ತು. ಅದಿರನ್ನು ಮೇಲೆತ್ತಲು, ಪುಡಿ ಮಾಡಲು, ಗಣಿಯೊಳಗಿನ ನೀರು ಹೊರಹಾಕಲು ಹಗಲೂ ರಾತ್ರಿ ಉಗಿಯಂತ್ರಗಳು ಓಡಬೇಕಿತ್ತು. ಅವುಗಳ ಬಾಯ್ಲರ್‌ಗಳಿಗೆ ಸೌದೆ ಬೇಕು, ದೂರದಿಂದ ತರಿಸುವ ಕಲ್ಲಿದ್ದಲು ಬೇಕು. ಗಣಿ ಆಳವಾದಷ್ಟೂ ಬೆಂಕಿಯ ಹಸಿವು ಹೆಚ್ಚಿತು. ಸುತ್ತಲಿನ ಮರ ಕರಗಿತು, ಹೊಗೆ ಹೆಚ್ಚಿತು, ಖರ್ಚೂ ಏರಿತು.

ಆ ಗಣಿಗಳಲ್ಲಿ ದುಡಿಯುತ್ತಿದ್ದವರು ಬಹುಪಾಲು ಪರ ಊರಿನವರು. ಉತ್ತರ ಆರ್ಕಾಟ್, ಸೇಲಂ, ಚಿತ್ತೂರಿನ ಕಡೆಯ ಬಡ ಕುಟುಂಬಗಳು ಅಲ್ಲಿಗೆ ಬಂದಿದ್ದವು. ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಅನುಭವಿ ಗಣಿಗಾರರು ಬಂದಿದ್ದರು. ಇಟಲಿಯಿಂದ ಬಂದ ಗಣಿ ಕೆಲಸಗಾರರೂ ಅಲ್ಲಿದ್ದರು ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. 1880ರಿಂದ 1915ರವರೆಗೆ ಸುಮಾರು 1 ಕೋಟಿ 30 ಲಕ್ಷ ಜನ ಇಟಲಿ ಬಿಟ್ಟು ಹೊರಟರು. ತುಂಡು ಭೂಮಿ, ಸಾಲ, ಹಸಿವು ಅವರನ್ನು ಹೊರಡಿಸಿದವು. ಹೆಚ್ಚಿನವರು ಅಮೆರಿಕ, ಅರ್ಜೆಂಟೀನಾ, ಬ್ರೆಜಿಲ್ ಸೇರಿದರು. ಕೆಲವರ ಪಾಲಿಗೆ ಬಂದದ್ದು ಕೋಲಾರದ ಕತ್ತಲೆ ಸುರಂಗ. ಬಂಡೆ ಕೊರೆಯುವ ಕೈಚಳಕವೇ ಅವರ ಆಸ್ತಿ. ಯುರೋಪಿನವರಾದರೂ ಅವರು ಗಣಿಯ ಸಾಹೇಬರ ಸಾಲಿಗೆ ಸೇರಿದವರಲ್ಲ. ಬಂಡೆ ಸಿಡಿದರೆ ಸಾವು ತಮಿಳನೋ ಇಟಲಿಯವನೋ ಎಂದು ಕೇಳುತ್ತಿರಲಿಲ್ಲ.

ಇತ್ತ ಕಾವೇರಿ ನದಿ ಶಿವನಸಮುದ್ರದಲ್ಲಿ ಗಗನಚುಕ್ಕಿ, ಭರಚುಕ್ಕಿ ಎಂದು ಎರಡಾಗಿ ಧುಮುಕುತ್ತಿತ್ತು. ಆ ನೀರಿನ ಬಲದಿಂದ ವಿದ್ಯುತ್ ತೆಗೆದು ಕೋಲಾರಕ್ಕೆ ಒಯ್ಯಬಹುದು ಎಂಬ ಯೋಜನೆಯನ್ನು ಸಿದ್ಧಪಡಿಸಿದವರು ಮೈಸೂರು ಸರ್ಕಾರದ ಎಂಜಿನಿಯರ್ ಜೋಲಿ ಡಿ ಲಾಟ್ಬಿನಿಯರ್. ಅವರು ಅಮೆರಿಕ ಮತ್ತು ಯುರೋಪಿಗೆ ಹೋಗಿ ಯಂತ್ರಗಳ ವಿಷಯ ತಿಳಿದು ಬಂದರು. ಆಗ ವಿದ್ಯುತ್ತೇ ಹೊಸದು. ಅದನ್ನು ಅಷ್ಟು ದೂರ ಒಯ್ಯುವುದು ಇನ್ನೂ ಹೊಸದು. ಸೋತರೆ ಪ್ರಜೆಗಳ ತೆರಿಗೆಯ ಹಣ ನೀರಿಗೆ ಹೋಗುತ್ತಿತ್ತು. ಶೇಷಾದ್ರಿ ಅಯ್ಯರ್ ಲೆಕ್ಕ ಹಾಕಿದರು, ಗಣಿ ಕಂಪನಿಗಳು ವಿದ್ಯುತ್ ಕೊಳ್ಳುವಂತೆ ಒಪ್ಪಂದ ಮಾಡಿಸಿದರು, ಸರ್ಕಾರದ ಹಣದಿಂದಲೇ ಕೆಲಸಕ್ಕೆ ಕೈಹಾಕಿದರು.

ಟರ್ಬೈನ್‌ಗಳು ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಕಂಪನಿಯಿಂದ, ವಿದ್ಯುತ್ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಿಂದ ಬಂದವು. ದಾರಿ ಸರಿಯಿಲ್ಲದ ಕಡೆ ಭಾರದ ಭಾಗಗಳನ್ನು ಎಳೆಯಲು ಆನೆಗಳನ್ನೂ ಬಳಸಿದರು. ಆರು ಜನರೇಟರ್‌ಗಳು, ಒಂದೊಂದು 720 ಕಿಲೋವ್ಯಾಟ್, ಒಟ್ಟು 4,320 ಕಿಲೋವ್ಯಾಟ್. ಅಲ್ಲಿಂದ ಗಣಿಗೆ 92 ಮೈಲಿ, ಅಂದರೆ ಸುಮಾರು 148 ಕಿಲೋಮೀಟರ್ ತಂತಿ. ಅದರಲ್ಲಿ ಹರಿಸಬೇಕಿದ್ದದ್ದು 35,000 ವೋಲ್ಟ್.

ಅಷ್ಟು ವೋಲ್ಟೇಜ್ ಏಕೆ? ಪಿಯುಸಿ ಭೌತವಿಜ್ಞಾನ ಓದುವವರಿಗೆ ಉತ್ತರ ಗೊತ್ತು. ವೋಲ್ಟೇಜನ್ನು ಕರೆಂಟಿನಿಂದ ಗುಣಿಸಿದರೆ ಶಕ್ತಿ. ತಂತಿ ಬಿಸಿಯಾಗಿ ನಷ್ಟವಾಗುವ ಶಕ್ತಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೋಲ್ಟೇಜನ್ನು ನೂರು ಪಟ್ಟು ಏರಿಸಿದರೆ ಕರೆಂಟ್ ನೂರರಲ್ಲಿ ಒಂದು ಪಾಲು ಸಾಕು, ಆಗ ಅದೇ ತಂತಿಯಲ್ಲಿ ನಷ್ಟ ಹತ್ತು ಸಾವಿರದಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ನಮ್ಮ ಹೊಲದ ಬದಿಯ ಟಿ.ಸಿ. ಇಂದಿಗೂ ನಡೆಯುವುದು ಇದೇ ಲೆಕ್ಕದ ಮೇಲೆ.

1902ರ ಜೂನ್ 30ರಂದು ಕಾವೇರಿಯ ವಿದ್ಯುತ್ ಕೋಲಾರ ತಲುಪಿತು. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದು. ಅದಿರು ಪುಡಿ ಮಾಡುವ ಗಿರಣಿಗಳು, ಗಾಳಿ ಒತ್ತುವ ಯಂತ್ರಗಳು ಒಂದೊಂದಾಗಿ ಉಗಿಯಿಂದ ಬಿಡುಗಡೆ ಪಡೆದವು. ಬಂಡೆ ಕೊರೆಯುವ ಯಂತ್ರಗಳು ಓಡುತ್ತಿದ್ದದ್ದು ಒತ್ತಿದ ಗಾಳಿಯಿಂದ. ಸೌದೆ ಸುಟ್ಟು ಒತ್ತುತ್ತಿದ್ದ ಆ ಗಾಳಿಯನ್ನು ಇನ್ನು ಮುಂದೆ ಕಾವೇರಿಯ ನೀರು ಒತ್ತತೊಡಗಿತು. 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿಗಳಿಗೂ ಬೆಳಕು ಬಂತು.

ಇದನ್ನೆಲ್ಲ ನೋಡಲು ಶೇಷಾದ್ರಿ ಅಯ್ಯರ್ ಇರಲಿಲ್ಲ. ಆರೋಗ್ಯ ಕೆಟ್ಟು 1901ರಲ್ಲಿ ಅಧಿಕಾರ ಬಿಟ್ಟಿದ್ದ ಅವರು ಅದೇ ವರ್ಷ ಸೆಪ್ಟೆಂಬರ್ 13ರಂದು, 56ನೇ ವಯಸ್ಸಿನಲ್ಲಿ ತೀರಿಕೊಂಡರು. ಒಂಬತ್ತೂವರೆ ತಿಂಗಳ ಅಂತರದಲ್ಲಿ ಆ ಬೆಳಕು ಅವರ ಕಣ್ಣಿಗೆ ತಪ್ಪಿತು.

ಅವರ ಮೇಲೆ ದೂರುಗಳಿರಲಿಲ್ಲವೆಂದಲ್ಲ. ಹೊರಗಿನಿಂದ ಬಂದವರು, ದೊಡ್ಡ ಹುದ್ದೆಗಳನ್ನು ಮದರಾಸಿನ ಕಡೆಯವರಿಗೇ ಕೊಡುತ್ತಾರೆ ಎಂಬ ಅಸಮಾಧಾನ ಮೈಸೂರಿನಲ್ಲಿತ್ತು. ಆ ಮಾತನ್ನು ಪೂರ್ತಿ ತಳ್ಳಿಹಾಕಲಾಗದು. ಮೊದಲ ವಿದ್ಯುತ್ ಹೋದದ್ದು ಪರದೇಶಿ ಕಂಪನಿಯ ಗಣಿಗೆ, ರೈತನ ಗುಡಿಸಲಿಗಲ್ಲ ಎಂಬುದೂ ನಿಜ. ಗಣಿಯ ಕೂಲಿಗಾರರ ಬಾಳು ಅದರಿಂದ ಹಸನಾಗಲಿಲ್ಲ. ಹಳ್ಳಿಗಳಿಗೆ ತಂತಿ ಎಳೆಯುವ ಕೆಲಸ ವೇಗ ಪಡೆಯಲು ಮುಂದೆ ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದವರೆಗೆ ಕಾಯಬೇಕಾಯಿತು. ಆದರೂ ಬೆಂಕಿಯ ಬದಲು ನೀರನ್ನು ನಂಬಬಹುದು ಎಂದು ಈ ನಾಡಿಗೆ ತೋರಿಸಿಕೊಟ್ಟ ಕೆಲಸ ಅವರ ಕಾಲದ್ದೇ.

ಆ ಪ್ರಶ್ನೆ ಇಂದು ನಮ್ಮ ಮನೆ ಬಾಗಿಲಲ್ಲೇ ಇದೆ. ನಮ್ಮದೇ ಜಿಲ್ಲೆಯ ಕೂಡಗಿಯಲ್ಲಿ ಕಲ್ಲಿದ್ದಲು ಉರಿಸುವ 2,400 ಮೆಗಾವ್ಯಾಟ್ ಸ್ಥಾವರವಿದೆ. ಹತ್ತಿರದ ಆಲಮಟ್ಟಿಯಲ್ಲಿ ಕೃಷ್ಣೆಯ ನೀರಿನಿಂದ 290 ಮೆಗಾವ್ಯಾಟ್ ತೆಗೆಯುವ ವಿದ್ಯುದಾಗಾರವಿದೆ. ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಿವೆ. ನಮ್ಮ ಬಿಸಿಲಂತೂ ಯಾರೂ ಕೊಡಬೇಕಾದದ್ದಲ್ಲ. ಹೊಗೆ ಕಡಿಮೆ ಮಾಡುವ ಮುಂದಿನ ಲೆಕ್ಕ ಹಾಕಬೇಕಾದವರು ಇಂದು ತರಗತಿಯಲ್ಲಿ ಕುಳಿತಿರುವ ನೀವೇ.

ಇನ್ನೊಂದು ಮಾತು. ಪಾಲಕ್ಕಾಡಿನಿಂದ ಬಂದ ಅಧಿಕಾರಿಯ ಹೆಸರು ಬೆಂಗಳೂರಿನ ಶೇಷಾದ್ರಿಪುರದಲ್ಲಿ ಉಳಿದಿದೆ, ಅವರ ಪ್ರತಿಮೆ ಕಬ್ಬನ್ ಪಾರ್ಕಿನಲ್ಲಿ ನಿಂತಿದೆ. ಸೇಲಂನಿಂದ, ಇಟಲಿಯಿಂದ ಬಂದು ಬಂಡೆ ಕೊರೆದವರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ. ಗೋವಾದಲ್ಲಿ ಮನೆ ಕಟ್ಟುವ, ಪುಣೆಯಲ್ಲಿ ರಸ್ತೆ ಹಾಕುವ ನಮ್ಮ ಊರಿನವರ ಹೆಸರೂ ಅಷ್ಟೇ. ನಿಮ್ಮಲ್ಲಿ ಯಾರಾದರೂ ತಂದೆ ದುಡಿಯಲು ಹೊರಗೆ ಹೋಗಿದ್ದಾರೆ ಎಂದು ಹೇಳಲು ಸಂಕೋಚ ಪಡುತ್ತಿದ್ದರೆ, ಇನ್ನು ಮೇಲೆ ತಲೆ ಎತ್ತಿ ಹೇಳಿ. ಯಾವ ಊರಿನ ಬೆಳಕೂ ಆ ಊರಿನವರೊಬ್ಬರಿಂದಲೇ ಹೊತ್ತಿದ್ದಲ್ಲ.