ಗುಳ್ಳೆಯ ಗುಟ್ಟು ಕಂಡ ಪಾರ್ಸನ್ಸ್

ಚಾರ್ಲ್ಸ್ ಪಾರ್ಸನ್ಸ್ 1854ರಲ್ಲಿ ಲಂಡನ್ನಿನಲ್ಲಿ ಹುಟ್ಟಿದರು. 1884ರಲ್ಲಿ ಉಗಿಯಿಂದ ತಿರುಗುವ ಟರ್ಬೈನ್ ಮಾಡಿದರು. 1894ರಲ್ಲಿ ಅದನ್ನು ಟರ್ಬಿನಿಯಾ ಎಂಬ ಹಡಗಿಗೆ ಕೂಡಿಸಿದರು. ಆದರೆ ಹಡಗು ಅಂದುಕೊಂಡಷ್ಟು ಜೋರಾಗಿ ಓಡಲೇ ಇಲ್ಲ! ಯಾಕೆ ಗೊತ್ತಾ? ನೀರೊಳಗಿನ ರೆಕ್ಕೆಚಕ್ರ ಬಹಳ ಜೋರಾಗಿ ತಿರುಗಿದಾಗ ಅಲ್ಲಿ ಒತ್ತಡ ಕಡಿಮೆಯಾಗಿ, ಕಾಯಿಸದೇನೇ ನೀರು ಆವಿಯ ಗುಳ್ಳೆ ಆಗ್ತಿತ್ತು. ಕೆಸರಲ್ಲಿ ಸಿಕ್ಕ ಟ್ರ್ಯಾಕ್ಟರ್ ಗಾಲಿಯಂತೆ ಚಕ್ರಕ್ಕೆ ಹಿಡಿತ ತಪ್ಪುತ್ತಿತ್ತು.

ಪಾರ್ಸನ್ಸ್ ಕೈಚೆಲ್ಲಲಿಲ್ಲ. 1895ರಲ್ಲಿ ಚಿಕ್ಕ ತೊಟ್ಟಿಯಲ್ಲಿ ಪುಟ್ಟ ಚಕ್ರ ತಿರುಗಿಸಿ ಗುಳ್ಳೆಗಳನ್ನು ಕಣ್ಣಾರೆ ನೋಡಿದರು. ಆಮೇಲೆ ಹಡಗಿಗೆ ಒಂಬತ್ತು ಚಕ್ರ ಹಾಕಿದರು. 1897ರಲ್ಲಿ ಬ್ರಿಟಿಷ್ ನೌಕಾಪಡೆಯ ಎದುರಿಗೇ ಅದು ಗಂಟೆಗೆ ಸುಮಾರು 60 ಕಿ.ಮೀ. ಓಡಿತು!

ಅವರು 1931ರಲ್ಲಿ ತೀರಿಕೊಂಡರು. ಈಗ ಆ ಗುಳ್ಳೆಯನ್ನೇ ಬಳಸುತ್ತಾರೆ. ನೀರೊಳಗೆ ಹೋಗುವ ಟಾರ್ಪಿಡೋ ಪೂರಾ ಗುಳ್ಳೆಯೊಳಗೇ ಓಡಿದರೆ ನೀರಿನ ತಡೆ ಬಹಳ ಕಡಿಮೆ. ಗೆಳೆಯರೇ, ಸೋತಾಗ ಯಾಕೆ ಸೋತೆವು ಅಂತ ನೋಡಬೇಕು, ಅಲ್ವಾ?