ನಂಬಿಕೆ ಕೆಡಿಸದ ನೂರ್ ಇನಾಯತ್ ಖಾನ್

ಚಿತ್ರದುರ್ಗದ ಕೋಟೆಯನ್ನು ಹೈದರಾಲಿ ವಶಪಡಿಸಿಕೊಂಡದ್ದು 1779ರಲ್ಲಿ. ಹೈದರನ ಸೈನಿಕರನ್ನು ಕಿಂಡಿಯ ಬಳಿ ಒಬ್ಬಳೇ ನಿಂತು ತಡೆದ ಒನಕೆ ಓಬವ್ವನ ಕಥೆ ಹಿರಿಯೂರು, ಮಾರಿಕಣಿವೆ ಕಡೆಯ ನಮಗೆಲ್ಲ ಬಾಲ್ಯದಿಂದಲೇ ಗೊತ್ತು. ಅದೇ ಹೈದರನ ವಂಶದ ಹೆಣ್ಣುಮಗಳೊಬ್ಬರು, ಸುಮಾರು 160 ವರ್ಷಗಳ ನಂತರ, ಪ್ಯಾರಿಸ್ ನಗರದಲ್ಲಿ ಒಬ್ಬಂಟಿಯಾಗಿ ಶತ್ರುಗಳ ನಡುವೆ ನಿಂತರು. ಅವರೇ ನೂರ್ ಇನಾಯತ್ ಖಾನ್.

ನೂರ್ ಹುಟ್ಟಿದ್ದು 1914ರ ಜನವರಿ 1ರಂದು, ರಷ್ಯಾದ ಮಾಸ್ಕೋದಲ್ಲಿ. ತಂದೆ ಹಜರತ್ ಇನಾಯತ್ ಖಾನ್ ಬರೋಡಾದವರು, ವೀಣಾವಾದಕರು, ಸೂಫಿ ಗುರುಗಳು. ಅವರ ತಾಯಿಯ ತಾಯಿ ಟಿಪ್ಪು ಸುಲ್ತಾನರ ಮೊಮ್ಮಗಳು ಎಂಬುದು ಮನೆತನದ ಹೇಳಿಕೆ. ನೂರ್ ಅವರ ತಾಯಿ ಅಮೆರಿಕದವರು. ಮದುವೆಯ ನಂತರ ಅಮೀನಾ ಬೇಗಂ ಎನಿಸಿಕೊಂಡರು. ಕುಟುಂಬ ಕೊನೆಗೆ ಪ್ಯಾರಿಸ್ ಪಕ್ಕದ ಸುರೇನ್ ಊರಿನಲ್ಲಿ ನೆಲೆಸಿತು. 1927ರಲ್ಲಿ ತಂದೆ ತೀರಿಕೊಂಡಾಗ ನೂರ್‌ಗೆ 13 ವರ್ಷ. ತಾಯಿ ದುಃಖದಲ್ಲಿ ಮುಳುಗಿದ್ದರಿಂದ ತಮ್ಮಂದಿರ, ತಂಗಿಯ ಜವಾಬ್ದಾರಿ ಆ ಹುಡುಗಿಯ ಮೇಲೆ ಬಿತ್ತು. ಓದನ್ನು ಮಾತ್ರ ಅವರು ಬಿಡಲಿಲ್ಲ. ಸಂಗೀತ ಮತ್ತು ಮಕ್ಕಳ ಮನಶ್ಶಾಸ್ತ್ರ ಕಲಿತರು, ಮಕ್ಕಳಿಗಾಗಿ ಕಥೆ ಬರೆದರು. ಬುದ್ಧನ ಜಾತಕ ಕಥೆಗಳನ್ನು ಇಂಗ್ಲಿಷಿನಲ್ಲಿ ಹೇಳಿದ ಅವರ ಪುಸ್ತಕ 1939ರಲ್ಲಿ ಪ್ರಕಟವಾಯಿತು.

1940ರಲ್ಲಿ ಹಿಟ್ಲರನ ಸೈನ್ಯ ಫ್ರಾನ್ಸಿಗೆ ನುಗ್ಗಿತು. ಕುಟುಂಬ ಇಂಗ್ಲೆಂಡಿಗೆ ಪಾರಾಯಿತು. ಅಹಿಂಸೆಯ ಪಾಠ ಕೇಳಿ ಬೆಳೆದಿದ್ದರೂ ಈ ಅನ್ಯಾಯವನ್ನು ನೋಡುತ್ತಾ ಕೂರಲು ನೂರ್‌ಗೆ ಮನಸ್ಸಾಗಲಿಲ್ಲ. ಅವರು ಬ್ರಿಟಿಷ್ ವಾಯುಪಡೆಯ ಮಹಿಳಾ ವಿಭಾಗ ಸೇರಿ ವೈರ್‌ಲೆಸ್ ಕಲಿತರು. 1943ರ ಫೆಬ್ರವರಿಯಲ್ಲಿ ಗೂಢಚಾರ ಸಂಸ್ಥೆ ಅವರನ್ನು ಆರಿಸಿಕೊಂಡಿತು. ತರಬೇತಿ ಕೊಟ್ಟ ಕೆಲವು ಅಧಿಕಾರಿಗಳಿಗೆ ಅವರ ಮೇಲೆ ನಂಬಿಕೆ ಇರಲಿಲ್ಲ. ಇಷ್ಟು ಮೃದು ಸ್ವಭಾವದವರು ಈ ಕೆಲಸಕ್ಕೆ ಆಗುವುದಿಲ್ಲ ಎಂಬುದು ಅವರ ಅಭಿಪ್ರಾಯ. ಆದರೂ ಜೂನ್ 16ರ ರಾತ್ರಿ ನೂರ್ ಅವರನ್ನು ಚಿಕ್ಕ ವಿಮಾನದಲ್ಲಿ ಫ್ರಾನ್ಸಿಗೆ ಕಳಿಸಲಾಯಿತು. ಆಕ್ರಮಿತ ಫ್ರಾನ್ಸಿಗೆ ಆ ಸಂಸ್ಥೆ ಕಳಿಸಿದ ಮೊದಲ ಮಹಿಳಾ ವೈರ್‌ಲೆಸ್ ಆಪರೇಟರ್ ಅವರೇ. ಗುಪ್ತನಾಮ ಮೆಡೆಲೀನ್.

ಹತ್ತು ದಿನ ಕಳೆಯುವುದರೊಳಗೆ ಪ್ಯಾರಿಸ್‌ನ ದೊಡ್ಡ ಗೂಢಚಾರ ಜಾಲವೊಂದು ಜರ್ಮನರ ಕೈಗೆ ಸಿಕ್ಕಿತು. ಒಬ್ಬರ ಹಿಂದೆ ಒಬ್ಬರಂತೆ ಬಂಧಿತರಾದರು. ಆ ದಿನಗಳಲ್ಲಿ ನೂರ್‌ಗೆ ಆಸರೆಯಾದವರು ಮಾರಿಷಸ್ ಮೂಲದ ಫ್ರಾನ್ಸ್ ಆಂಟೆಲ್ಮ್ ಎಂಬ ಹಿರಿಯ ಗೂಢಚಾರರು. ಸುರಕ್ಷಿತ ಅಡಗುತಾಣ ಹುಡುಕಿಕೊಟ್ಟು ನೋಡಿಕೊಂಡರು. ಇಬ್ಬರ ನಡುವೆ ಪ್ರೀತಿ ಮೊಳೆತಿತ್ತು ಎಂಬ ಮಾತು ಮುಂದೆ ಹಬ್ಬಿತು. ಜುಲೈನಲ್ಲಿ ಆಂಟೆಲ್ಮ್ ಲಂಡನ್ನಿಗೆ ಮರಳಿದರು. ನೂರ್‌ಗೂ ಮರಳಲು ಅವಕಾಶವಿತ್ತು. ಆದರೆ ತಾವು ಹೊರಟರೆ ಪ್ಯಾರಿಸ್‌ನಿಂದ ಲಂಡನ್ನಿಗೆ ಸಂದೇಶ ಕಳಿಸುವವರಿಲ್ಲ ಎಂದು ಅವರು ಉಳಿದುಕೊಂಡರು. ಜರ್ಮನರ ಪತ್ತೆ ವಾಹನಗಳು ರೇಡಿಯೋ ಅಲೆ ಹಿಡಿದು ಬೀದಿ ಬೀದಿ ಅಲೆಯುತ್ತಿದ್ದವು. ನೂರ್ ವೇಷ ಬದಲಿಸುತ್ತಾ, ಮನೆ ಬದಲಿಸುತ್ತಾ, ಯಂತ್ರವನ್ನು ಸೂಟ್‌ಕೇಸಿನಲ್ಲಿ ಹೊತ್ತು ಸುಮಾರು ನಾಲ್ಕು ತಿಂಗಳು ಕೆಲಸ ಮಾಡಿದರು.

ಅಕ್ಟೋಬರ್‌ನಲ್ಲಿ ಯಾರೋ ಅವರ ವಿಳಾಸವನ್ನು ಹಣಕ್ಕೆ ಮಾರಿದರು. ಅನುಮಾನ ಬಿದ್ದದ್ದು ಜಾಲದ ಮುಖ್ಯಸ್ಥ ಹೆನ್ರಿ ಗ್ಯಾರಿಯವರ ಸಹೋದರಿ ರೆನೆ ಮೇಲೆ. ಆಂಟೆಲ್ಮ್ ವಿಷಯದಲ್ಲಿ ಆಕೆಗೆ ನೂರ್ ಮೇಲೆ ಅಸೂಯೆ ಇತ್ತೆಂದು ಹೇಳಿದವರುಂಟು. ಯುದ್ಧದ ನಂತರ ವಿಚಾರಣೆ ನಡೆಸಿದ ನ್ಯಾಯಾಲಯ ಆಕೆಯನ್ನು ಖುಲಾಸೆ ಮಾಡಿತು. ನೂರ್ ಬಂದಿಳಿದ ರಾತ್ರಿ ವಿಮಾನದ ವ್ಯವಸ್ಥೆ ನೋಡಿಕೊಂಡಿದ್ದ ಹೆನ್ರಿ ಡೆರಿಕೂರ್ ಮೇಲೂ ದ್ರೋಹದ ಆರೋಪ ಬಂತು. 1948ರಲ್ಲಿ ಅವರೂ ಬಿಡುಗಡೆಯಾದರು.

ವಿಚಾರಣೆಯಲ್ಲಿ ನೂರ್ ಜೊತೆಗಾರರ ಗುಟ್ಟು ಬಿಟ್ಟುಕೊಡಲಿಲ್ಲ ಎಂದು ಜರ್ಮನ್ ಅಧಿಕಾರಿಗಳೇ ನಂತರ ಒಪ್ಪಿಕೊಂಡರು. ಆದರೆ ಕಳಿಸಿದ ಸಂದೇಶಗಳನ್ನೆಲ್ಲ ಅವರು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು. ಆ ಪುಸ್ತಕ ಮತ್ತು ಯಂತ್ರ ಸಿಕ್ಕಿದ್ದೇ ತಡ, ಜರ್ಮನರು ಅವರ ಹೆಸರಿನಲ್ಲಿ ಲಂಡನ್ನಿಗೆ ಸುಳ್ಳು ಸಂದೇಶ ಕಳಿಸತೊಡಗಿದರು. ಲಂಡನ್ ಮೊದಲು ಸಂಶಯಪಟ್ಟರೂ ಕೊನೆಗೆ ನಂಬಿತು. 1944ರ ಫೆಬ್ರವರಿ ಕೊನೆಯ ರಾತ್ರಿ ಆಂಟೆಲ್ಮ್ ಪ್ಯಾರಾಚೂಟಿನಲ್ಲಿ ಫ್ರಾನ್ಸಿಗೆ ಇಳಿದಾಗ ಕೆಳಗೆ ಕಾದಿದ್ದವರು ಜರ್ಮನರು. ಜೊತೆಗಿದ್ದ ಮೆಡೆಲೀನ್ ಡಮರ್ಮಾ ಎಂಬ ಯುವತಿಯೂ ಸೆರೆಯಾದರು. ಆಂಟೆಲ್ಮ್ ಸೆರೆಶಿಬಿರದಲ್ಲಿ ಕೊಲ್ಲಲ್ಪಟ್ಟರು.

ನೂರ್ 1943ರ ನವೆಂಬರ್‌ನಲ್ಲಿ ಛಾವಣಿಯ ಮೇಲಿಂದ ತಪ್ಪಿಸಿಕೊಂಡು ಮತ್ತೆ ಸಿಕ್ಕಿಬಿದ್ದರು. ಇನ್ನು ಓಡಿಹೋಗುವುದಿಲ್ಲವೆಂದು ಬರೆದುಕೊಡಲು ಒಪ್ಪಲಿಲ್ಲ. ಅದಕ್ಕಾಗಿ ಜರ್ಮನಿಯ ಫೋರ್ಜೈಮ್ ಜೈಲಿನಲ್ಲಿ ಸುಮಾರು ಹತ್ತು ತಿಂಗಳು ಸರಪಳಿಯಲ್ಲಿ ಕಳೆಯಬೇಕಾಯಿತು. 1944ರ ಸೆಪ್ಟೆಂಬರ್ 13ರಂದು ಡಖಾವ್ ಶಿಬಿರದಲ್ಲಿ ಅವರನ್ನು ಗುಂಡಿಕ್ಕಿ ಕೊಂದರು. ವಯಸ್ಸು 30. ಅದೇ ದಿನ ಜೊತೆಯಲ್ಲಿ ಪ್ರಾಣಬಿಟ್ಟ ಮೂವರಲ್ಲಿ ಮೆಡೆಲೀನ್ ಡಮರ್ಮಾ ಕೂಡ ಒಬ್ಬರು.

1949ರಲ್ಲಿ ಬ್ರಿಟನ್ ಅವರಿಗೆ ಜಾರ್ಜ್ ಕ್ರಾಸ್ ಪದಕ ನೀಡಿತು. ಫ್ರಾನ್ಸ್ ಕೂಡ ಶೌರ್ಯ ಪದಕವಿತ್ತು ಗೌರವಿಸಿತು. 2012ರಲ್ಲಿ ಲಂಡನ್ನಿನ ಗಾರ್ಡನ್ ಸ್ಕ್ವೇರ್‌ನಲ್ಲಿ ಅವರ ಪ್ರತಿಮೆ ಎದ್ದು ನಿಂತಿತು.

ಯಾರು ಯಾರನ್ನು ಪ್ರೀತಿಸಿದರು, ಯಾರು ದ್ರೋಹ ಬಗೆದರು ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ. ಆದರೆ ದುರ್ಬಲರೆಂದು ಅನುಮಾನಿಸಲ್ಪಟ್ಟ ನೂರ್ ಮಾತ್ರ ತಮ್ಮನ್ನು ನಂಬಿದವರ ಹೆಸರನ್ನು ಕೊನೆಯವರೆಗೂ ಕಾಪಾಡಿದರು. ಮಾತು ಮೆಲ್ಲಗಿದ್ದ ಮಾತ್ರಕ್ಕೆ ಮನಸ್ಸು ಗಟ್ಟಿಯಿಲ್ಲ ಎಂದು ಯಾರ ಬಗ್ಗೆಯೂ ತೀರ್ಮಾನಿಸಬಾರದು ಎಂಬುದಕ್ಕೆ ಅವರ ಬದುಕೇ ಸಾಕ್ಷಿ.